ಕಬ್ಬಿಣದ ಮುಚ್ಚಳದ ಮೇಲಿನ ಹೆಸರು

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಪುರಾತನ ಇಗರ್ಜಿಯಲ್ಲಿ ಇಂಗ್ಲೆಂಡಿನ ಅರಸರೂ ಕವಿಗಳೂ ವಿಜ್ಞಾನಿಗಳೂ ಮಣ್ಣಾಗಿ ಮಲಗಿದ್ದಾರೆ. ನ್ಯೂಟನ್ನನ ಸಮಾಧಿ ಅಲ್ಲಿಯೇ ಇದೆ. ಡಾರ್ವಿನ್ನನ ಸಮಾಧಿಯೂ ಅಲ್ಲಿಯೇ. ಈ ಮಹನೀಯರ ಹೆಸರುಗಳನ್ನು ಕಲ್ಲಿನ ಮೇಲೆ ಓದುತ್ತ ನಡೆಯುವ ಯಾತ್ರಿಕನು ಚರಂಡಿಯ ಕಬ್ಬಿಣದ ಮುಚ್ಚಳದ ಕಡೆಗೊಮ್ಮೆ ಕಣ್ಣು ಹಾಯಿಸಿದನಾದರೆ, ಅಲ್ಲಿಯೂ ಒಂದು ಹೆಸರನ್ನು ಕಾಣುತ್ತಾನೆ. ಅದು ಥಾಮಸ್ ಕ್ರಾಪರ್ ಎಂಬುವನದು. ಆತನು ಅಲ್ಲಿ ಹೂಳಲ್ಪಟ್ಟವನಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಚೆಲ್ಸಿಯಾ ಎಂಬ ಪೇಟೆಯಲ್ಲಿ ಅಂಗಡಿಯಿಟ್ಟು ಕೊಳಾಯಿ, ನೀರಿನ ತೊಟ್ಟಿ, ಪಾಯಿಖಾನೆಯ ಸಾಮಾನುಗಳನ್ನು ಮಾಡಿ ಮಾರಿದ ಒಬ್ಬ ಪ್ಲಂಬರು.

ರಾಜ್ಯೋತ್ಸವದ ಸಂಚಿಕೆಯಲ್ಲಿ ಪುಲಕೇಶಿ, ಕೃಷ್ಣದೇವರಾಯರ ಮಗ್ಗುಲಲ್ಲಿ ಒಬ್ಬ ಆಂಗ್ಲ ಪ್ಲಂಬರನಿಗೇನು ಕೆಲಸವೆಂದು ವಾಚಕರು ಹುಬ್ಬೇರಿಸಬಹುದು. ನಾವು ಇತಿಹಾಸದ ಪಂಡಿತರಲ್ಲ, ಬಿ.ಕಾಂ. ಮುಗಿಸಿ ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತಿಕೆ ಮಾಡುವವರು. ಒಂದು ಪುಸ್ತಕದ ಲೆಕ್ಕವನ್ನು ಮತ್ತೊಂದು ಪುಸ್ತಕದೊಡನೆ ತಾಳೆ ನೋಡುವುದೇ ನಮಗೆ ಬರುವ ವಿದ್ಯೆ. ಅರಸನ ಚರಿತ್ರೆಗೆ ಶಾಸನವುಂಟು, ಆಸ್ಥಾನಕವಿಯುಂಟು. ಕೈಕಸುಬಿನವನ ಚರಿತ್ರೆಗೆ ಏನುಂಟು? ಆತನ ಕುಲವನ್ನು ಹುಡುಕುವವನು ಯಾವ ಬಾಗಿಲನ್ನು ತಟ್ಟಬೇಕು? ಈ ಪ್ರಶ್ನೆ ನಮ್ಮನ್ನು ಕಾಡಿದ್ದರಿಂದ, ಕಾಗದಪತ್ರದಲ್ಲಿ ಗಟ್ಟಿಯಾಗಿ ನಿಂತ ಒಬ್ಬ ಕಸುಬುದಾರನನ್ನು ಆರಿಸಿಕೊಂಡೆವು. ಲಂಡನ್ನನ್ನು ನಾವು ಕಂಡವರಲ್ಲ. ಆದರೆ ಆ ದೇಶದ ಹಳೆಯ ಕಡತಗಳು ಈಗ ಕಂಪ್ಯೂಟರಿನ ಪರದೆಯ ಮೇಲೆಯೇ ಸಿಕ್ಕುವುದರಿಂದ ಹಡಗು ಹತ್ತಬೇಕಾದ ಅಗತ್ಯ ಉಳಿದಿಲ್ಲ.

ಕ್ರಾಪರನ ವಿಷಯದಲ್ಲಿ ಮೊದಲು ಎದುರಾಗುವುದು ಕಡತವಲ್ಲ, ಕಟ್ಟುಕಥೆ. ನೀರು ಸುರಿದು ತೊಳೆಯುವ ಪಾಯಿಖಾನೆಯನ್ನು ಕಂಡುಹಿಡಿದವನು ಆತನೇ ಎನ್ನುತ್ತಾರೆ. ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಯಾರ್ಕ್‌ಶೈರಿನಿಂದ ಲಂಡನ್ನಿಗೆ ಬರಿಗಾಲಿನ ಪ್ರಯಾಣಿಕನಂತೆ ನಡೆದುಕೊಂಡೇ ಬಂದನು ಎನ್ನುತ್ತಾರೆ. ರಾಣಿಯು ಆತನಿಗೆ ‘ಸರ್’ ಬಿರುದನ್ನು ಕೊಟ್ಟಳು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಮಲಕ್ಕೆ ಇರುವ ಒಂದು ಒರಟು ಮಾತು ಆತನ ಹೆಸರಿನಿಂದಲೇ ಹುಟ್ಟಿತು ಎಂದೂ ಹೇಳುತ್ತಾರೆ. ಈ ನಾಲ್ಕು ಮಾತುಗಳಲ್ಲಿ ಒಂದೂ ನಿಜವಲ್ಲ. ಸುಳ್ಳನ್ನು ಕಳೆದ ಮೇಲೆ ಉಳಿಯುವ ಶಿಲ್ಕಾದರೋ ಕಟ್ಟುಕಥೆಗಿಂತ ರುಚಿಯಾಗಿದೆ ಎಂಬುದೇ ನಮ್ಮ ಅಭಿಪ್ರಾಯ.

ಕುಲವನ್ನು ಹುಡುಕುವವರಿಗೆ ಒಂದು ನಿಯಮವುಂಟು: ಕೊನೆಯಿಂದ ಮೊದಲಿಗೆ ಹೋಗಬೇಕು. ಗೊತ್ತಿದ್ದ ಸಾವಿನಿಂದ ಹೊರಟು ಗೊತ್ತಿಲ್ಲದ ಹುಟ್ಟಿನ ಕಡೆಗೆ ನಡೆಯಬೇಕು. ಥಾಮಸ್ ಕ್ರಾಪರನು ತೀರಿಕೊಂಡದ್ದು ೧೯೧೦ರ ಜನವರಿ ೨೭ರಂದು, ಲಂಡನ್ನಿನ ದಕ್ಷಿಣ ಭಾಗದ ಆನರ್ಲಿಯಲ್ಲಿ. ಹೂಳಿದ್ದು ಎಲ್ಮರ್ಸ್ ಎಂಡ್ ಎಂಬಲ್ಲಿಯ ಸ್ಮಶಾನದಲ್ಲಿ. ಐದು ವರ್ಷಗಳ ತರುವಾಯ ಕ್ರಿಕೆಟ್ಟಿನ ಪಿತಾಮಹ ಡಬ್ಲ್ಯು. ಜಿ. ಗ್ರೇಸನೂ ಅದೇ ಸ್ಮಶಾನವನ್ನು ಸೇರಿದನು. ಇಂಗ್ಲೆಂಡಿನಲ್ಲಿ ೧೮೫೮ರಿಂದ ಮೊದಲುಗೊಂಡು, ಸತ್ತವರ ಉಯಿಲುಗಳನ್ನು ಒಂದೇ ಸರಕಾರಿ ಕಚೇರಿಯ ವಾರ್ಷಿಕ ಪಟ್ಟಿಯಲ್ಲಿ ದಾಖಲು ಮಾಡುತ್ತ ಬಂದಿದ್ದಾರೆ. ಸತ್ತವನ ಹೆಸರು, ವಾಸಸ್ಥಳ, ಸತ್ತ ದಿನ, ಆಸ್ತಿಯನ್ನು ವಹಿಸಿಕೊಂಡವರ ಹೆಸರು, ಆಸ್ತಿಯ ಮೌಲ್ಯ ಇವಿಷ್ಟೂ ಒಂದೆರಡು ಸಾಲಿನಲ್ಲಿ ಅಡಕವಾಗಿರುತ್ತವೆ. ಬಡಗಿಯಾಗಲಿ ಪ್ರಭುವಾಗಲಿ, ಪಟ್ಟಿಯಲ್ಲಿ ಅಕ್ಷರಕ್ರಮವೇ ಪ್ರಧಾನ. ಅಂತಸ್ತಿಗೆ ಅಲ್ಲಿ ಮಣೆಯಿಲ್ಲ.

ಸಾಯುವುದಕ್ಕೆ ಆರು ವರ್ಷ ಮೊದಲು, ಅಂದರೆ ೧೯೦೪ರಲ್ಲಿ, ಕ್ರಾಪರನು ಅಂಗಡಿಯಿಂದ ನಿವೃತ್ತನಾದನು. ಗಲ್ಲೆಯ ಮೇಲೆ ಕುಳಿತವರು ಇಬ್ಬರು: ಒಡಹುಟ್ಟಿದವನ ಮಗನಾದ ಜಾರ್ಜ್, ಮತ್ತು ಪಾಲುದಾರನಾದ ರಾಬರ್ಟ್ ಮಾರ್ ವಾರಮ್. ಸ್ವಂತ ಮಗನೇಕೆ ಕೂರಲಿಲ್ಲ? ಕ್ರಾಪರನು ತನ್ನ ಬಂಧುಗಳಲ್ಲೇ ಒಬ್ಬಳಾದ ಮರಿಯಾ ಗ್ರೀನ್ ಎಂಬಾಕೆಯನ್ನು ೧೮೬೦ರಲ್ಲಿ ಮದುವೆಯಾಗಿದ್ದನು. ಜಾನ್ ಗ್ರೀನ್ ಎಂಬ ಒಬ್ಬ ಮಗನು ಹುಟ್ಟಿ ಶೈಶವದಲ್ಲಿಯೇ ಹೋದನು. ‘ಗ್ರೀನ್’ ಎಂಬ ನಡುಹೆಸರನ್ನು ವಾಚಕರು ಗಮನಿಸಬೇಕು. ತಾಯಿಯ ತವರಿನ ಹೆಸರನ್ನು ಮಗುವಿನ ನಡುಹೆಸರಾಗಿ ಇಡುವ ಪದ್ಧತಿ ಆ ಜನರಲ್ಲಿ ಸಾಮಾನ್ಯವಾಗಿತ್ತು. ಮದುವೆಯೊಡನೆ ಅಳಿಸಿಹೋಗುವ ಹೆಣ್ಣಿನ ಮನೆತನವು ಹೀಗೆ ಮಗುವಿನ ಹೆಸರಿನ ಮಧ್ಯೆ ಅಡಗಿ ಕುಳಿತು, ನೂರು ವರ್ಷಗಳಾದ ಮೇಲೆ ಹುಡುಕುವವನಿಗೆ ದಾರಿ ತೋರಿಸುತ್ತದೆ. ೧೮೩೭ರ ನಂತರದ ಮದುವೆಯ ಕಾಗದಗಳಲ್ಲಿ ವಧೂವರರ ತಂದೆಯರ ಹೆಸರೂ ಅವರವರ ಕಸುಬೂ ಇರುತ್ತವೆ. ಆದಕಾರಣ ಒಂದು ಮದುವೆಯ ಕಾಗದ ಸಿಕ್ಕಿತೆಂದರೆ ಎರಡು ಮನೆತನಗಳ ಹಿಂದಿನ ತಲೆಮಾರಿನ ಕದ ಒಟ್ಟಿಗೆ ತೆರೆದಂತೆ.

ಇನ್ನು ಹುಟ್ಟು. ಇಲ್ಲಿ ನಮ್ಮ ಪ್ಲಂಬರನು ಸ್ವಲ್ಪದರಲ್ಲಿ ಕೈತಪ್ಪಿಸಿಕೊಂಡಿದ್ದಾನೆ. ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಜನನ, ಮರಣ, ವಿವಾಹಗಳನ್ನು ಸರಕಾರವೇ ದಾಖಲು ಮಾಡತೊಡಗಿದ್ದು ೧೮೩೭ರ ಜುಲೈ ೧ರಂದು. ಕ್ರಾಪರನು ಅದಕ್ಕೆ ಒಂದು ವರ್ಷದಷ್ಟೇ ಮೊದಲು ಹುಟ್ಟಿಬಿಟ್ಟನು! ಆದ್ದರಿಂದ ಆತನಿಗೆ ಸರಕಾರಿ ಜನನಪತ್ರವಿಲ್ಲ. ಇರುವುದು ಯಾರ್ಕ್‌ಶೈರಿನ ಥಾರ್ನ್ ಎಂಬ ಊರಿನ ಇಗರ್ಜಿಯ ಪುಸ್ತಕದಲ್ಲಿಯ ದೀಕ್ಷಾಸ್ನಾನದ ದಾಖಲೆ. ತಾರೀಖು ೧೮೩೬ರ ಸೆಪ್ಟೆಂಬರ್ ೨೮. ಹುಟ್ಟಿದ ದಿನ ಎಲ್ಲಿಯೂ ಬರೆದಿಲ್ಲ. ಇಗರ್ಜಿಯ ಇಂಥ ಪುಸ್ತಕಗಳನ್ನು ಇಡಬೇಕೆಂದು ೧೫೩೮ರಷ್ಟು ಹಿಂದೆಯೇ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಅಪ್ಪಣೆ ಮಾಡಿದ್ದನು. ೧೮೧೩ರಿಂದ ಅವಕ್ಕೆ ಅಚ್ಚು ಹಾಕಿದ ನಮೂನೆ ಬಂದು, ಮಗುವಿನ ಹೆಸರಿನೊಡನೆ ತಂದೆತಾಯಿಯರ ಹೆಸರು, ವಾಸದ ಜಾಗ, ತಂದೆಯ ಕಸುಬು ಇವನ್ನು ತುಂಬುವ ಕಲಮುಗಳಾದವು. ನಮ್ಮ ಅದೃಷ್ಟಕ್ಕೆ ಕಸುಬಿನ ಕಲಮು ಆ ಪಾದ್ರಿಗಳ ಕಾಲಕ್ಕೇ ಇತ್ತು. ಕಸುಬುದಾರರ ವಂಶವನ್ನು ಹುಡುಕುವವರು ಜೀವ ಹಿಡಿದಿರುವುದು ಆ ಒಂದು ಕಲಮಿನ ಮೇಲೆ. ಥಾಮಸನ ತಂದೆ ಚಾರ್ಲ್ಸ್ ಒಬ್ಬ ನಾವಿಕ.

ಜನಗಣತಿಯದು ಇನ್ನೊಂದು ಸೊಗಸು. ಆ ದೇಶದಲ್ಲಿ ೧೮೦೧ರಿಂದ ಹತ್ತು ಹತ್ತು ವರ್ಷಕ್ಕೆ ತಲೆ ಎಣಿಸುತ್ತಿದ್ದರೂ, ದೇಶದಾದ್ಯಂತ ಮನೆಮಂದಿಯ ಹೆಸರು ಬರೆದು ಆ ಕಾಗದಗಳನ್ನು ಉಳಿಸಿಕೊಂಡು ಬಂದದ್ದು ೧೮೪೧ರಿಂದ. ಆದರೆ ೧೮೪೧ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕೆಂದು ಗಣತಿದಾರರಿಗೆ ಹೇಳಿದ್ದರು. ಮೂವತ್ತೆಂಟು ವಯಸ್ಸಿನವನು ಪುಸ್ತಕದಲ್ಲಿ ಮೂವತ್ತೈದಾದನು. ಇಪ್ಪತ್ತನಾಲ್ಕರ ಹೆಂಗಸು ಇಪ್ಪತ್ತಾದಳು. ಆಕೆಗೆ ಸಂತೋಷವೇ ಆಗಿರಬೇಕು. ನಮ್ಮಲ್ಲಿಯ ಜೂನ್ ೧ನೆಯ ತಾರೀಖನ್ನು ಇಲ್ಲಿ ನೆನೆಯದೆ ಇರಲಾರೆವು. ಬ್ಯಾಂಕಿನ ಕೌಂಟರಿನಲ್ಲಿ ಪಿಂಚಣಿಯ ಹಿರಿಯರ ಕಾಗದ ನೋಡಿದರೆ, ಊರು ಬೇರೆ, ಜಾತಿ ಬೇರೆ, ಜಿಲ್ಲೆ ಬೇರೆ. ಹುಟ್ಟಿದ್ದು ಮಾತ್ರ ಬಹುಮಂದಿ ಜೂನ್ ೧ಕ್ಕೆ! ಶಾಲೆ ತೆರೆಯುವ ತಿಂಗಳಿಗೆ ಹೊಂದುವಂತೆ ಮೇಷ್ಟರು ಬರೆದುಕೊಂಡ ತಾರೀಖದು. ಕಚೇರಿಯ ಅನುಕೂಲವು ಮನುಷ್ಯನ ಆಯುಸ್ಸನ್ನು ತಿದ್ದುವುದು ಆಂಗ್ಲರಲ್ಲಿಯೂ ಇತ್ತು, ನಮ್ಮಲ್ಲಿಯೂ ಇದೆ. ೧೮೫೧ರ ಗಣತಿಯಿಂದ ಮುಂದೆ ನಿಜವಾದ ವಯಸ್ಸು, ಯಜಮಾನನಿಗೆ ಏನಾಗಬೇಕೆಂಬ ಸಂಬಂಧ, ಕಸುಬು, ಹುಟ್ಟಿದೂರು ಎಲ್ಲವನ್ನೂ ಬರೆಸಿದರು. ಲಂಡನ್ನಿಗೆ ಕೂಳು ಹುಡುಕಿ ಬಂದ ಲಕ್ಷಾಂತರ ಮಂದಿಯನ್ನು ಅವರವರ ಹಳ್ಳಿಗೆ ಮರಳಿ ಕಟ್ಟಿಹಾಕುವ ದಾರವೆಂದರೆ ಆ ‘ಹುಟ್ಟಿದೂರು’ ಎಂಬ ಕಲಮೇ.

ಈಗ ಹನ್ನೊಂದು ವರ್ಷದ ಹುಡುಗನು ನಡೆದು ಬಂದ ಕಥೆಯನ್ನು ತಾಳೆ ನೋಡೋಣ. ಥಾಮಸನು ಕೆಲಸ ಕಲಿಯಲು ಸೇರಿದ್ದು ೧೮೫೩ರಲ್ಲಿ. ೧೮೩೬ನ್ನು ಕಳೆದರೆ ಹದಿನೇಳು. ಸೇರಿದ್ದು ಯಾರಲ್ಲಿ? ಒಡಹುಟ್ಟಿದ ಅಣ್ಣ ಜಾರ್ಜನಲ್ಲಿ. ಜಾರ್ಜನು ಅಷ್ಟರಲ್ಲಾಗಲೇ ಚೆಲ್ಸಿಯಾದಲ್ಲಿ ಪ್ಲಂಬರ್ ಮೇಸ್ತ್ರಿಯಾಗಿ ನೆಲೆನಿಂತಿದ್ದನು. ಶಿಷ್ಯವೃತ್ತಿ ತೀರಿದ ಮೇಲೆ ಮೂರು ವರ್ಷ ದಿನಗೂಲಿಯ ಕೆಲಸಗಾರನಾಗಿ ದುಡಿದು, ೧೮೬೧ರಲ್ಲಿ ಥಾಮಸನು ಸ್ವಂತ ಹೆಸರಿನ ಬೋರ್ಡು ಹಾಕಿದನು. ಹಿತ್ತಾಳೆ ಎರಕದ ಕಾರ್ಖಾನೆಯೂ ಹತ್ತಿರದ ಮಾರ್ಲ್‌ಬರೋ ರಸ್ತೆಯಲ್ಲಿ ಆಯಿತು. ಲೆಕ್ಕ ಎಲ್ಲಿಯೂ ಮುರಿಯುವುದಿಲ್ಲ. ಹಸಿದ ಅನಾಥ ಬಾಲಕನು ಮಹಾನಗರದ ಹೆಬ್ಬಾಗಿಲನ್ನು ಒಂಟಿಯಾಗಿ ಪ್ರವೇಶಿಸುವ ಚಿತ್ರ ಸಿನೆಮಾಕ್ಕೆ ಚೆನ್ನ. ನಿಜವಾದ ಚಿತ್ರವನ್ನಾದರೋ ಮುಂಬಯಿಯ ಕನ್ನಡಿಗರಿಗೆ ವಿವರಿಸಬೇಕಾಗಿಯೇ ಇಲ್ಲ. ಮೊದಲು ಅಣ್ಣ ಬರುತ್ತಾನೆ. ಕೈಗೊಂದು ಕೆಲಸ, ತಲೆಗೊಂದು ಸೂರು ಆದಮೇಲೆ ಊರಿಗೆ ಕಾಗದ ಬರೆಯುತ್ತಾನೆ; ತಮ್ಮ ಬರುತ್ತಾನೆ. ತಮ್ಮನಿಗೆ ಗುರುವೂ ಅಣ್ಣನೇ, ಧಣಿಯೂ ಅಣ್ಣನೇ, ಬೈದು ಬುದ್ಧಿ ಹೇಳುವವನೂ ಅವನೇ. ನಾಲ್ಕು ಕಾಸು ಕೂಡಿದ ಮೇಲೆ ತಮ್ಮ ಪಕ್ಕದ ಬೀದಿಯಲ್ಲಿ ಬೇರೆ ಅಂಗಡಿ ಹಾಕುತ್ತಾನೆ. ಮುಂದೆ ಅಲ್ಲಿಗೆ ಒಡಹುಟ್ಟಿದವರ ಮಕ್ಕಳು ಬರುತ್ತಾರೆ. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದು ಮಾಟುಂಗ, ಫೋರ್ಟುಗಳ ಹೋಟೆಲುಗಳಲ್ಲಿ ಕಪ್ಪು ತೊಳೆದು ಗಲ್ಲೆಯವರೆಗೆ ಏರಿದವರ ಕಥೆ ಇದಕ್ಕಿಂತ ಬೇರೆಯೇ?

ಅಣ್ಣತಮ್ಮಂದಿರು ಹಿಡಿದ ಕಸುಬಿಗೆ ಕಾಲವೂ ಕೂಡಿ ಬಂದಿತ್ತು. ಆ ದಶಕಗಳ ಲಂಡನ್ನು ನಾರುತ್ತಿತ್ತು. ಇದು ಅಲಂಕಾರದ ಮಾತಲ್ಲ. ಮನೆಗಳ ಹೊಲಸೆಲ್ಲ ಥೇಮ್ಸ್ ನದಿಗೆ ಹೋಗಿ, ಅದೇ ನದಿಯ ನೀರನ್ನು ಜನ ಕುಡಿಯುತ್ತಿದ್ದರು. ಕಾಲರಾ ಮತ್ತೆ ಮತ್ತೆ ಬಂತು. ೧೮೫೪ರಲ್ಲಿ ಜಾನ್ ಸ್ನೋ ಎಂಬ ವೈದ್ಯನು ಬ್ರಾಡ್ ಸ್ಟ್ರೀಟಿನ ಒಂದು ಬೋರಿನ ನೀರಿನಿಂದಲೇ ರೋಗ ಹರಡಿತೆಂದು ಮನೆಮನೆಯ ಸಾವಿನ ಲೆಕ್ಕ ಹಿಡಿದು ತೋರಿಸಿದನು. ೧೮೫೮ರ ಬೇಸಗೆಯಲ್ಲಿ ನದಿಯ ದುರ್ನಾತ ಪಾರ್ಲಿಮೆಂಟಿನ ಕಿಟಕಿಯೊಳಗೇ ನುಗ್ಗಿದಾಗ ಸದಸ್ಯರಿಗೆ ಜ್ಞಾನೋದಯವಾಗಿ, ಇಂಜಿನಿಯರ್ ಬ್ಯಾಝಲ್‌ಜೆಟ್ಟನ ಮಹಾಚರಂಡಿಗಳಿಗೆ ಹಣ ಮಂಜೂರಾಯಿತು. ಇದಕ್ಕೆ ಮೊದಲೇ, ೧೮೫೧ರ ಮಹಾಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಎಂಬ ಪ್ಲಂಬರನು ಕಾಸು ಕೊಟ್ಟು ಒಳಹೋಗುವ ಪಾಯಿಖಾನೆಗಳನ್ನು ಕಟ್ಟಿಸಿದ್ದನು. ೮,೨೭,೨೮೦ ಮಂದಿ ಅದರ ಪ್ರಯೋಜನ ಪಡೆದರೆಂದು ಲೆಕ್ಕ ಉಳಿದಿದೆ. ಲೆಕ್ಕವೆಂದರೆ ಲೆಕ್ಕ! ಭೂಮಿಯ ಕೆಳಗೆ ಸರಕಾರದ ಚರಂಡಿ ಬಂದ ಮೇಲೆ ಭೂಮಿಯ ಮೇಲಿನ ಮನೆಗೆ ಕೊಳಾಯಿ ಜೋಡಿಸುವವನು ಬೇಕಷ್ಟೆ. ೧೮೬೧ರಲ್ಲಿ ಬೋರ್ಡು ಹಾಕಿದವನು ಮುಹೂರ್ತ ನೋಡಿಯೇ ಹಾಕಿದಂತಿದೆ.

ಹಾಗಾದರೆ ಆತನು ಕಂಡುಹಿಡಿದದ್ದು ಏನು? ಪೇಟೆಂಟಿನ ಕಚೇರಿಯ ದಾಖಲೆ ಇದಕ್ಕೆ ಉತ್ತರ ಕೊಡುತ್ತದೆ. ೧೮೫೨ರ ಕಾನೂನು ಪೇಟೆಂಟಿನ ಖರ್ಚನ್ನು ಬಹಳ ಇಳಿಸಿದ್ದರಿಂದ ಸಾಧಾರಣ ಕಸುಬುದಾರನೂ ಆ ಮೆಟ್ಟಿಲನ್ನು ಹತ್ತುವಂತಾಗಿತ್ತು. ಕ್ರಾಪರನ ಹೆಸರಿನಲ್ಲಿ ಒಂಬತ್ತು ಪೇಟೆಂಟುಗಳಿವೆ. ಚರಂಡಿ, ಕೊಳವೆಗಳ ಜೋಡಣೆ, ಪಾಯಿಖಾನೆಯ ಕೆಲವು ಸುಧಾರಣೆ ಇವೇ ಅವುಗಳ ವಿಷಯ. ನೀರಿನಿಂದ ತೊಳೆಯುವ ಪಾಯಿಖಾನೆಯಾದರೋ ಬಹಳ ಹಳೆಯದು: ಸರ್ ಜಾನ್ ಹ್ಯಾರಿಂಗ್ಟನ್ ೧೫೯೬ರಲ್ಲಿಯೇ ಅದನ್ನು ಬಣ್ಣಿಸಿದ್ದನು, ದುರ್ವಾಸನೆ ಮೇಲೆ ಬಾರದಂತೆ ತಡೆಯುವ ಬಾಗಿದ ಕೊಳವೆಗೆ ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರದವನು ೧೭೭೫ರಲ್ಲಿ ಪೇಟೆಂಟು ಪಡೆದಿದ್ದನು. ಸರಪಳಿ ಎಳೆದೊಡನೆ ಸದ್ದಿಲ್ಲದೆ ನೀರು ಸುರಿಯುವ, ಕವಾಟವಿಲ್ಲದ ತೊಟ್ಟಿಯನ್ನು ಕ್ರಾಪರನ ಅಂಗಡಿ ಮಾರುತ್ತಿದ್ದುದು ನಿಜ. ಜಾಹೀರಾತಿನಲ್ಲಿ ಕ್ರಾಪರನ ಹೆಸರೇ ದೊಡ್ಡದಾಗಿ ಇರುತ್ತಿತ್ತು. ಆದರೆ ಅದರ ೧೮೯೮ರ ಪೇಟೆಂಟು ಆಲ್ಬರ್ಟ್ ಗಿಬ್ಲಿನ್ ಎಂಬಾತನದು. ಮಾಡಿದವನೊಬ್ಬ, ಮಾರಿದವನೊಬ್ಬ, ತೊಟ್ಟಿಯ ಮೇಲೆ ಅಚ್ಚಾದ ಹೆಸರನ್ನೇ ಲೋಕ ನೆನಪಿಟ್ಟಿತು.

ಆತನ ದೊಡ್ಡಸ್ತಿಕೆ ಬೇರೆಡೆಯಿದೆ. ಮಾನವಂತರು ಬಾಯಿಬಿಟ್ಟು ಹೇಳಲು ನಾಚುತ್ತಿದ್ದ ಸಾಮಾನನ್ನು ಅಂಗಡಿಯ ಗಾಜಿನ ಕಿಟಕಿಯಲ್ಲಿ ರೇಷ್ಮೆಯ ಅಂಗಡಿಯವನಂತೆ ಜೋಡಿಸಿಟ್ಟು ಮಾರಿದನು. ೧೮೮೦ರ ದಶಕದಲ್ಲಿ ಯುವರಾಜ ಎಡ್ವರ್ಡನ ಸ್ಯಾಂಡ್ರಿಂಗ್‌ಹ್ಯಾಮ್ ಸೌಧದ ಪ್ಲಂಬಿಂಗ್ ಕೆಲಸ ಆತನಿಗೆ ಬಂದಿತು. ಮೂವತ್ತು ಪಾಯಿಖಾನೆಗಳು, ಎಲ್ಲಕ್ಕೂ ದೇವದಾರು ಮರದ ಪೀಠ. ಅದರಿಂದ ರಾಜಮನೆತನದ ಸಾಮಾನು ಪೂರೈಕೆದಾರನೆಂಬ ಸನ್ನದು ದೊರೆಯಿತು. ಯುವರಾಜನು ದೊರೆಯಾದ ಮೇಲೆಯೂ, ಆತನ ಮಗ ಐದನೆಯ ಜಾರ್ಜನಿಂದಲೂ ಅಂಗಡಿಗೆ ಸನ್ನದು ಮುಂದುವರಿಯಿತು. ಸನ್ನದು ಅಂಗಡಿಗೆ ಬಂತೇ ಹೊರತು ‘ಸರ್’ ಬಿರುದು ಎಂದೂ ಬರಲಿಲ್ಲ. ಇನ್ನು ಆ ಒರಟು ಮಾತು. ‘ಕ್ರಾಪರ್’ ಎಂಬ ಮನೆತನದ ಹೆಸರು ಪೈರು ಕೊಯ್ಯುವವನು ಎಂಬರ್ಥದ ‘ಕ್ರಾಪರ್’, ‘ಕ್ರಾಪ್ಪರ್’ಗಳ ಒಂದು ರೂಪ, ಆ ಒರಟು ಮಾತಾದರೋ ೧೮೪೬ರ ಹೊತ್ತಿಗೇ ಬರಹದಲ್ಲಿ ಕಾಣುತ್ತದೆ. ಥಾಮಸನು ಆಗ ಥಾರ್ನಿನಲ್ಲಿ ಹತ್ತು ವರ್ಷದ ಪೋರ.

ಇಷ್ಟು ಮಂದಿ ಮೋಸಹೋದದ್ದು ಹೇಗೆ? ಅಂಗಡಿಯ ಕಥೆ ಮುಗಿದ ರೀತಿಯೂ ಅದಕ್ಕೆ ಒಂದು ಕಾರಣ. ೧೯೬೬ರಲ್ಲಿ ವಾರಮನ ಮಗನು ನಿವೃತ್ತನಾಗುತ್ತ, ಕಿಂಗ್ಸ್ ರೋಡಿನಲ್ಲಿದ್ದ ಅಂಗಡಿಯನ್ನು ಪ್ರತಿಸ್ಪರ್ಧಿಯಾದ ಜಾನ್ ಬೋಲ್ಡಿಂಗ್ ಕಂಪನಿಗೆ ಮಾರಿದನು. ಆ ಕಂಪನಿಯೂ ೧೯೬೯ರಲ್ಲಿ ಮುಳುಗಿತು. ಬ್ಯಾಂಕಿನವರಾದ ನಮಗೆ ೧೯೬೯ ಎಂದೊಡನೆ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ ನೆನಪಾಗುತ್ತದೆ; ಆಂಗ್ಲರಿಗೆ ಅದೇ ವರ್ಷ ವಾಲೇಸ್ ರೇಬರ್ನ್ ಎಂಬ ಲೇಖಕನು ಕ್ರಾಪರನ ಜೀವನಚರಿತ್ರೆಯೊಂದನ್ನು ಬರೆದು ಕೊಟ್ಟನು. ವಿನೋದದ ಪುಸ್ತಕ, ನಿಜ, ಸುಳ್ಳು, ಶ್ಲೇಷೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿದ್ದನು. ಎರಡು ವರ್ಷಗಳ ಮೇಲೆ ಅದೇ ಲೇಖಕನು ಹೆಂಗಸರ ಒಳಉಡುಪನ್ನು ಕಂಡುಹಿಡಿದವನ ಚರಿತ್ರೆಯೆಂದು ಮತ್ತೊಂದು ಪುಸ್ತಕ ಬರೆದನು. ಅದರ ನಾಯಕನು ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ! ಆಗ ಶುರುವಾಯಿತು ತಮಾಷೆ. ಎರಡನೆಯವನು ಕಲ್ಪಿತನಾದರೆ ಮೊದಲನೆಯವನೂ ಕಲ್ಪಿತನೇ ಇರಬೇಕೆಂದು ಜನ ತರ್ಕ ಮಾಡಿ, ಕ್ರಾಪರನೆಂಬ ಮನುಷ್ಯನೇ ಇರಲಿಲ್ಲವೆಂದು ವಾದಿಸತೊಡಗಿದರು. ಮಾಡದಿದ್ದ ಕೆಲಸಕ್ಕೆ ಕೀರ್ತಿ ಪಡೆದ ಕಸುಬುದಾರನು ಅದೇ ಕೀರ್ತಿಯ ದೆಸೆಯಿಂದ ಬದುಕಿದ್ದುದನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದನು. ಆತನನ್ನು ಬದುಕಿಸಿದ್ದು ಮೇಲೆ ಹೇಳಿದ ಒಣ ಕಾಗದಗಳು: ದೀಕ್ಷಾಸ್ನಾನದ ಒಂದು ಸಾಲು, ಪೇಟೆಂಟಿನ ನಂಬರುಗಳು, ಸ್ಮಶಾನದ ಕಲ್ಲು, ಚರಂಡಿಯ ಮುಚ್ಚಳ.

ಕಾಗದ ಶಾಶ್ವತವೆಂದು ಇದರ ಅರ್ಥವಲ್ಲ. ಆಂಗ್ಲರು ಗಣತಿಯ ಕಾಗದಗಳನ್ನು ನೂರು ವರ್ಷ ಬೀಗ ಹಾಕಿಟ್ಟು ಆಮೇಲೆ ತೆರೆಯುತ್ತಾರೆ. ೧೯೨೧ರದು ೨೦೨೨ರಲ್ಲಿ ಹೊರಬಂತು. ಅಲ್ಲಿಂದ ಮುಂದೆ ಒಂದು ಹಳ್ಳ. ೧೯೩೧ರ ಕಾಗದಗಳು ೧೯೪೨ರಲ್ಲಿ ಬೆಂಕಿಗೆ ಆಹುತಿಯಾದವು. ೧೯೪೧ರಲ್ಲಿ ಯುದ್ಧದಿಂದ ಗಣತಿಯೇ ನಡೆಯಲಿಲ್ಲ.

ನಮ್ಮ ಹಳ್ಳವಾದರೋ ಇನ್ನೂ ಅಗಲ. ಭಾರತದ ಗಣತಿಯಲ್ಲಿ ಸಂಖ್ಯೆಗಳು ಅಚ್ಚಾದವು. ಮನೆಮನೆಯ ಹಾಳೆಗಳನ್ನು ಮೊಮ್ಮಕ್ಕಳು ನೋಡುವಂತಿಲ್ಲ. ೧೯೪೮ರ ಗಣತಿ ಕಾನೂನಿನ ೧೫ನೆಯ ಕಲಮು ಅದಕ್ಕೆ ಅಡ್ಡವಿದೆ. ಹಾಗೆಂದು ನಮ್ಮವರಿಗೆ ಕುಲದ ಲೆಕ್ಕ ಇಡುವುದು ಗೊತ್ತಿರಲಿಲ್ಲವೆಂದಲ್ಲ. ಉತ್ತರ ಕರ್ನಾಟಕದ ರೈತರ ಮನೆಯ ಮುಂದೆ ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು ನಿಲ್ಲುವ ಹೆಳವರು ಮೂಲಪುರುಷನಿಂದ ಹಿಡಿದು ಹೋದ ವರ್ಷ ಹುಟ್ಟಿದ ಕೂಸಿನವರೆಗೆ ವಂಶಾವಳಿಯನ್ನು ಒಪ್ಪಿಸಬಲ್ಲರು. ಕಾಳು ಕಡಿಯನ್ನು ಪಡೆದು ಹೊಸ ಹೆಸರುಗಳನ್ನು ಸೇರಿಸಿಕೊಂಡು ಹೋಗುತ್ತಾರೆ. ಶಾನುಭೋಗರ ಕಡತವಿತ್ತು. ಆದರೆ ಹೆಳವನ ಎತ್ತು ವಿಕ್ಟೋರಿಯಾ ಟರ್ಮಿನಸ್ಸಿನವರೆಗೆ ಬರಲಿಲ್ಲ. ಊರು ಬಿಟ್ಟ ತಮ್ಮನ ಹೆಸರು ಊರ ಲೆಕ್ಕದಲ್ಲಿ ತೆಳುವಾಗುತ್ತದೆ; ಬಂದ ನಗರದ ಲೆಕ್ಕದಲ್ಲಿ ಆತನು ಹೋಟೆಲಿನ ಒಬ್ಬ ಮಾಣಿ, ಅಷ್ಟೆ.

ಆ ಮಾಣಿಯ ಹೆಸರು ಪೂರ್ತಿಯಾಗಿ ಬರೆದಿದ್ದ ಒಂದು ಸ್ಥಳವುಂಟು. ಹಗಲು ದುಡಿದು ರಾತ್ರಿ ಓದಿದ ಹುಡುಗರ ಕನ್ನಡ ರಾತ್ರಿಶಾಲೆಗಳ ದಾಖಲಾತಿ ಪುಸ್ತಕವದು. ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು (ಅದು ಜೂನ್ ೧ ಆದರೂ ಆಗಲಿ), ಊರು, ಶಾಲೆ ಬಿಟ್ಟ ದಿನ. ಇಂಗ್ಲೆಂಡಿನ ೧೮೫೧ರ ಗಣತಿಗೆ ನಮ್ಮಲ್ಲಿ ಸರಿಸಮನಾದುದು ಇದ್ದರೆ ಅದು ಇದೇ. ಆ ಶಾಲೆಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆ. ಪುಸ್ತಕಗಳು ಯಾರ ಮನೆಯ ಅಟ್ಟದ ಮೇಲಿವೆಯೋ, ಯಾವ ಟ್ರಸ್ಟಿಗಳ ಪೆಟ್ಟಿಗೆಯಲ್ಲಿವೆಯೋ, ಎಷ್ಟು ಗೆದ್ದಲಿಗೆ ಸಂದವೋ! ಹೋಟೆಲುಗಳ ಹಳೆಯ ಸಂಬಳದ ವಹಿಗಳೂ ಹೀಗೆಯೇ ರದ್ದಿಯವನ ತಕ್ಕಡಿಗೆ ಹೋಗುತ್ತಿವೆ. ಅಂಥವು ಇದ್ದವರು ಸಂಘದ ವಾಚನಾಲಯಕ್ಕೆ ತಂದುಕೊಟ್ಟು, ಕಾರ್ಯಕಾರಿ ಸಮಿತಿಯವರು ಅಲ್ಲಿ ಒಂದು ಕಪಾಟನ್ನು ತೆರವು ಮಾಡಿಕೊಡುವುದಾದರೆ, ಹೆಸರುಗಳನ್ನು ಊರುವಾರು, ಅಕ್ಷರಕ್ರಮದಲ್ಲಿ ಪಟ್ಟಿ ಮಾಡುವ ಕೆಲಸವನ್ನು ಭಾನುವಾರಗಳಂದು ಮಾಡಿಕೊಡಲು ನಾವು ಸಿದ್ಧರಿದ್ದೇವೆ.